ಟೈಪ್ 1 ಡಯಾಬಿಟಿಸ್ ಇರೋರು, ಮನೆಯವರು ದಯವಿಟ್ಟು ಓದಿ: ಶುಗರ್ ಲೋ ಆದಾಗ ಪಕ್ಕದಲ್ಲಿರೋರಿಗೆ ಏನು ಹೇಳಿಟ್ಟಿದ್ದೀರಿ?

ದಾವಣಗೆರೆ_ಹುಡುಗಿ

ಎಲ್ಲರಿಗೂ ನಮಸ್ಕಾರ. ಹೈಸ್ಕೂಲಿನಲ್ಲಿದ್ದಾಗ ನನಗೆ ಟೈಪ್ 1 ಅಂತ ಗೊತ್ತಾಯ್ತು. ಈಗ ಬೆಂಗಳೂರಿನಲ್ಲಿ ಕೆಲಸ, ಪಿಜಿ ವಾಸ. ದಿನಕ್ಕೆ ನಾಲ್ಕು ಸಲ ಇನ್ಸುಲಿನ್: ಊಟಕ್ಕೆ ಮೂರು, ಮಲಗೋ ಮುಂಚೆ ಒಂದು.

ಶುಗರ್ ಜಾಸ್ತಿಯಾದರೆ ಏನಾಗುತ್ತೆ ಅಂತ ಹೇಳೋರು ಬೇಕಾದಷ್ಟು ಜನ ಇದ್ದಾರೆ. ಕಣ್ಣು, ಕಿಡ್ನಿ, ಕಾಲು ಅಂತ ಶುರು ಮಾಡಿಬಿಡ್ತಾರೆ. ಇಳಿದರೆ ಏನಾಗುತ್ತೆ ಅನ್ನೋದು ಮಾತ್ರ ನಮ್ಮ ಸುತ್ತಮುತ್ತ ಇರೋರಿಗೆ ಗೊತ್ತೇ ಇರಲ್ಲ. ನನಗಂತೂ ದಿನಾ ಜೊತೆಗಿರೋ ಭಯ ಲೋದು.

ಹೋದ ವಾರ ಮೀಟಿಂಗಿನಲ್ಲಿ ಕೂತಿದ್ದಾಗ ಸ್ಕ್ರೀನಿನ ಒಂದೇ ಸಾಲನ್ನ ಮತ್ತೆ ಮತ್ತೆ ಓದ್ತಾ ಇದ್ದೆ, ತಲೆಗೆ ಹೋಗ್ತಾನೇ ಇರಲಿಲ್ಲ. ತುಟಿ ಸುತ್ತ ಜುಮುಜುಮು, ಕತ್ತಿನ ಹಿಂದೆ ತಣ್ಣನೆ ಬೆವರು. ಮೀಟರಿನಲ್ಲಿ 52. ಗ್ಲೂಕೋಸ್ ಪುಡಿ ಬಾಯಿಗೆ ಸುರ್ಕೊಳ್ಳೋಕೆ ಹೋದರೆ ಪಕ್ಕದಲ್ಲಿದ್ದ ಸಹೋದ್ಯೋಗಿ ಕೈ ಹಿಡಿದುಬಿಟ್ಟರು. "ನಿಂಗೆ ಶುಗರ್ ಅಲ್ವಾ, ಇದನ್ನ ತಿನ್ನಬಾರದು!" ಅವರು ಕಾಳಜಿಯಿಂದಲೇ ಹೇಳಿದ್ದು. ಆದರೆ ಆ ಕ್ಷಣದಲ್ಲಿ ಬಿಡಿಸಿ ಹೇಳೋಕೆ ನನ್ನ ನಾಲಿಗೆಯೇ ತಿರುಗ್ತಿರಲಿಲ್ಲ.

ಹಾಗಾಗಿ ಕೇಳ್ತಿದ್ದೀನಿ. ಆಫೀಸಿನೋರಿಗೆ, ರೂಮ್‌ಮೇಟಿಗೆ, ಮನೆಯವರಿಗೆ ನೀವು ಮೊದಲೇ ಏನು ಹೇಳಿಟ್ಟಿರ್ತೀರಿ? ನನ್ನ ರೂಮಿಗೆ ಹೊಸ ಹುಡುಗಿ ಬಂದಿದ್ದಾಳೆ. ಅವಳನ್ನ ಹೆದರಿಸದೆ ಹೇಳೋದು ಹೇಗೆ?

ಶಿವಮೊಗ್ಗದ_ಅಮ್ಮ

ಓದಿ ಕಣ್ಣು ತುಂಬಿ ಬಂತು ಪುಟ್ಟಿ. ನನ್ನ ಮಗ ಮೂರನೇ ಕ್ಲಾಸು. ಮನೆಯಲ್ಲಿದ್ದಾಗ ನಾನು ನೋಡ್ಕೋತೀನಿ. ರಾತ್ರಿ ಎದ್ದು ಅವನ ಕುತ್ತಿಗೆ ಹಿಂದೆ ಕೈ ಇಟ್ಟು ನೋಡ್ತೀನಿ, ಒದ್ದೆಯಾಗಿದ್ದರೆ ತಕ್ಷಣ ಬೆರಳು ಚುಚ್ಚಿ ಪರೀಕ್ಷೆ. ಮನೆಯಿಂದ ಆಚೆ ಹೋದಾಗಲೇ ಜೀವ ಕೈಯಲ್ಲಿ ಹಿಡ್ಕೊಂಡಿರ್ತೀನಿ.

ಅವನಿಗೆ ಲೋ ಆದರೆ ನಡುಕಕ್ಕಿಂತ ಮೊದಲು ಹಟ ಬರುತ್ತೆ. ಸುಮ್ಮಸುಮ್ಮನೆ ಅಳೋದು, ಪುಸ್ತಕ ಎಸೆಯೋದು. ಟೀಚರ್ ಅದನ್ನ ತುಂಟತನ ಅಂದ್ಕೊಂಡು ಹೊರಗೆ ನಿಲ್ಲಿಸಿದ್ದರು. ಅದಕ್ಕೇ ಈಗ ಎಲ್ಲರಿಗೂ ಹೇಳೋದು ಒಂದೇ ಮಾತು: "ಇವನು ವಿಚಿತ್ರವಾಗಿ ಆಡಿದರೆ ಮೊದಲು ಸಕ್ಕರೆ ಕೊಡಿ, ಬೈಯೋದಿದ್ದರೆ ಆಮೇಲೆ ಬೈಯಿರಿ."

ಮೈಸೂರು_ಓಟ

ನಾನು ಯಾವಾಗಲೂ ಜೇಬಿನಲ್ಲಿ ಚಾಕೊಲೇಟ್ ಇಟ್ಕೊಂಡಿರ್ತೀನಿ. ಜೊತೆ ಓಡೋ ಗೆಳೆಯರಿಗೂ "ನನ್ನ ಜೇಬಿಗೆ ಕೈ ಹಾಕಿ ಚಾಕೊಲೇಟ್ ಕೊಡಿ" ಅಂತ ಹೇಳಿದ್ದೀನಿ. ಸಾಕಲ್ವಾ?

ಕುಡ್ಲ_ಸಿಸ್ಟರ್

ನಾನು ಮಂಗಳೂರಿನಲ್ಲಿ ಡಯಾಬಿಟಿಸ್ ಎಜುಕೇಟರ್. ಟೈಪ್ 1 ಮಕ್ಕಳು, ದೊಡ್ಡವರು ಎಲ್ಲರನ್ನೂ ನೋಡಿದ್ದೇನೆ. ಸ್ವಲ್ಪ ಉದ್ದ ಬರೀತೇನೆ, ಬೇಸರ ಮಾಡ್ಕೊಳ್ಬೇಡಿ.

ಮೊದಲು ಚಾಕೊಲೇಟ್ ವಿಷಯ. ಬೇಡ. ಅದರಲ್ಲಿ ಕೊಬ್ಬು ಉಂಟು, ಕೊಬ್ಬು ಹೊಟ್ಟೆಯಿಂದ ಸಕ್ಕರೆ ಮುಂದೆ ಹೋಗುವುದನ್ನೇ ತಡ ಮಾಡ್ತದೆ. ಹಾಲು, ಐಸ್‌ಕ್ರೀಂ, ಲಾಡು ಎಲ್ಲ ಅದೇ ಸಾಲು. ಬಿಸ್ಕತ್ತಿನಲ್ಲಿ ಹಿಟ್ಟು ಇರ್ತದೆ, ಅದೂ ನಿಧಾನ. ಲೋ ಆದಾಗ ಬೇಕಾದದ್ದು ನೀರಿನಲ್ಲಿ ಕರಗುವಂಥದ್ದು: ಗ್ಲೂಕೋಸ್ ಪುಡಿ ಅಥವಾ ಮಾತ್ರೆ ಎಲ್ಲಕ್ಕಿಂತ ಬೇಗ, ಅದಿಲ್ಲದಿದ್ದರೆ ಸಾದಾ ಸಕ್ಕರೆ, ಹಣ್ಣಿನ ಜ್ಯೂಸ್, ಡಯಟ್ ಅಲ್ಲದ ಕೂಲ್‌ಡ್ರಿಂಕ್. ದೊಡ್ಡವರಿಗೆ 15 ಗ್ರಾಂ, ಅಂದರೆ ತುಂಬಿದ ಮೂರು ಟೀ ಚಮಚ ಸಕ್ಕರೆ ಅರ್ಧ ಲೋಟ ನೀರಿಗೆ. 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ. ಇನ್ನೂ 70ಕ್ಕಿಂತ ಕೆಳಗಿದ್ದರೆ ಮತ್ತೊಮ್ಮೆ 15 ಗ್ರಾಂ. ಮೇಲೆ ಬಂದ ನಂತರ ಊಟಕ್ಕೆ ಇನ್ನೂ ಹೊತ್ತಿದ್ದರೆ ಆಗ ಬಿಸ್ಕತ್ತೋ ಬಾಳೆಹಣ್ಣೋ ತಿನ್ನಿ.

ಆ 15 ನಿಮಿಷ ಕಾಯುವುದೇ ಅತಿ ಕಷ್ಟ, ನನಗೆ ಗೊತ್ತುಂಟು. ಮೆದುಳು "ತಿನ್ನು, ತಿನ್ನು" ಅಂತ ಕೂಗ್ತದೆ. ಫ್ರಿಜ್ಜಿನಲ್ಲಿದ್ದದ್ದೆಲ್ಲ ಖಾಲಿ ಮಾಡಿ ಎರಡು ಗಂಟೆ ನಂತರ 300 ನೋಡುವವರು ತುಂಬಾ ಜನ. ಅದು ಚಪಲ ಅಲ್ಲ, ದೇಹ ಜೀವ ಉಳಿಸಿಕೊಳ್ಳಲಿಕ್ಕೆ ಹೊರಡಿಸುವ ಹಸಿವು. ಅದಕ್ಕೇ ಅಳೆದು ಪೊಟ್ಟಣ ಕಟ್ಟಿ ಇಟ್ಟುಕೊಳ್ಳಿ ಅನ್ನುವುದು. ಲೋ ಆದಾಗ ಲೆಕ್ಕ ಹಾಕುವ ಹಾಗಿರಬಾರದು.

70ರ ಕೆಳಗೆ ಲೋ. 54ರ ಕೆಳಗೆ ಹೋದರೆ ಗಂಭೀರ, ಆಗ ಯೋಚನೆಯೇ ಮಂಕಾಗ್ತದೆ. ಇನ್ನೊಬ್ಬರ ಸಹಾಯ ಇಲ್ಲದೆ ಆಗುವುದಿಲ್ಲ ಅನ್ನುವ ಸ್ಥಿತಿ ಬಂದರೆ ಮೀಟರಿನಲ್ಲಿ ಎಷ್ಟೇ ಇರಲಿ ಅದು ತೀವ್ರ ಲೋ. ದಾವಣಗೆರೆ ತಂಗಿ ಹೇಳಿದ 52ರಲ್ಲಿ ಅವರಿಗೆ ವಿವರಿಸಲಿಕ್ಕೆ ಆಗದೆ ಇದ್ದದ್ದು ಸಹಜ. ನಾಲಿಗೆಯನ್ನು ನಡೆಸುವ ಮೆದುಳಿಗೇ ಸಕ್ಕರೆ ಸಾಲುವುದಿಲ್ಲ. ಹೇಳುವುದನ್ನೆಲ್ಲ ಶುಗರ್ ಸರಿ ಇದ್ದಾಗಲೇ ಹೇಳಿಡಬೇಕು.

ಮೈಸೂರು_ಓಟ

ಧನ್ಯವಾದ ಸಿಸ್ಟರ್. ಇವತ್ತೇ ಗ್ಲೂಕೋಸ್ ಪುಡಿ ಪೊಟ್ಟಣ ಮಾಡ್ತೀನಿ. ಇನ್ನೊಂದು ಪ್ರಶ್ನೆ. ಸಂಜೆ ಓಡಿ ಬಂದ ದಿನ ಊಟ ಆದಮೇಲೂ ಸರಿ ಇರುತ್ತೆ, ಬೆಳಗಿನ ಜಾವಕ್ಕೆ ಲೋ. ಹಾಸಿಗೆ ಒದ್ದೆ, ಕೆಟ್ಟ ಕನಸು, ಎದ್ದಾಗ ತಲೆನೋವು. ಓಡಿ ಅಷ್ಟು ಹೊತ್ತಾದ ಮೇಲೆ ಯಾಕೆ?

ಕುಡ್ಲ_ಸಿಸ್ಟರ್

ಓಡುವಾಗ ಸ್ನಾಯುಗಳು ತಮ್ಮೊಳಗೆ ಕೂಡಿಟ್ಟ ಸಕ್ಕರೆ ಖರ್ಚು ಮಾಡ್ತವೆ. ಆಮೇಲೆ ಗಂಟೆಗಟ್ಟಲೆ ರಕ್ತದಿಂದ ಎಳೆದು ಅದನ್ನು ತುಂಬಿಸಿಕೊಳ್ತವೆ. ಅದರ ಜೊತೆಗೆ ಇನ್ಸುಲಿನ್ ಕೂಡ ಹೆಚ್ಚು ಚುರುಕಾಗಿ ಕೆಲಸ ಮಾಡ್ತದೆ. ಇದರ ಪರಿಣಾಮ 24 ಗಂಟೆಯವರೆಗೂ ಇರಬಹುದು. ಓಡಿದ ದಿನ ರಾತ್ರಿ ಡೋಸ್ ಎಷ್ಟು ಇಳಿಸಬೇಕು ಅಂತ ನಿಮ್ಮ ಡಾಕ್ಟರ ಹತ್ತಿರ ಕೂತು ಮಾತಾಡಿ, ಮಲಗುವ ಮುಂಚೆ ಏನಾದರೂ ತಿನ್ನಿ, ಮೂರು ಗಂಟೆಗೆ ಒಮ್ಮೆ ಪರೀಕ್ಷೆ ಮಾಡಿ. ತೊಡೆಗೆ ಇನ್ಸುಲಿನ್ ಚುಚ್ಚಿಕೊಂಡು ಕೂಡಲೇ ಓಡಬೇಡಿ, ಬೇಗ ಹೀರಿಕೊಳ್ತದೆ. ಚುಚ್ಚಿಕೊಂಡ ಕೂಡಲೇ ಬಿಸಿಬಿಸಿ ನೀರಿನ ಸ್ನಾನವೂ ಹಾಗೆಯೇ.

ಹುಬ್ಬಳ್ಳಿ_ಕಾಕಾ

ನಮಸ್ಕಾರ್ರೀ ಎಲ್ಲಾರಿಗೂ. ನನಗ ಸಕ್ಕರಿ ಬಂದು ಮೂವತ್ತ ವರ್ಷದ ಮ್ಯಾಲಾತು. ಆವಾಗ ಗಾಜಿನ ಸಿರಿಂಜು ಕುದಿಸಿ ಚುಚ್ಚಕೊಂಡ ಮಂದಿ ನಾವು. ಮೀಟರ್ ಅಂದ್ರ ಏನಂತ ಗೊತ್ತಿರಲಿಲ್ಲ, ಮೂತ್ರಕ್ಕ ನೀಲಿ ಔಷಧ ಹಾಕಿ ಕಾಯಿಸಿ ಬಣ್ಣ ನೋಡತಿದ್ವಿ. ಆ ಬಣ್ಣದಾಗ ಲೋ ಕಾಣತಿರಲಿಲ್ಲ.

ಇಲ್ಲಿ ಎಲ್ಲಾರೂ ಬೆವರು, ನಡುಕ ಅಂತ ಬರದೀರಿ. ನನಗ ಈಗ ಅವ್ಯಾವೂ ಬರಂಗಿಲ್ರಿ. 45 ಇದ್ದಾಗೂ ಆರಾಮ ಕುಂತು ಪೇಪರ್ ಓದಿರ್ತೀನಿ. ಅದನ್ನ ಹಿಡಿಯಾಕಿ ನಮ್ಮ ಮನಿಯಾಕಿ. ಏನ ಕೇಳಿದ್ರೂ "ಹೂಂ" ಅಂದ್ರ, ಟಾವೆಲ್ ಮಡಚಿ ಬಿಚ್ಚಿ ಮತ್ತ ಮಡಚಾಕತ್ರ ಆಕಿಗೆ ತಿಳಿದುಬಿಡತೈತಿ. ಮಾತಿಲ್ಲ ಕತಿಯಿಲ್ಲ, ಸಕ್ಕರಿ ನೀರು ತಂದು ಕೈಯಾಗ ಇಟ್ಟು "ಕುಡೀರಿ" ಅಂತಾಳ. ನಾ "ಬ್ಯಾಡ, ನನಗೇನೂ ಆಗಿಲ್ಲ" ಅಂತ ಸಿಟ್ಟ ಮಾಡ್ತೀನಂತ. ಆಮ್ಯಾಲ ನನಗ ಅದರ ನೆನಪೂ ಇರಂಗಿಲ್ಲ.

ಅದಕ್ಕ ತಂಗಿ, ನಿನ್ನ ರೂಮಿನ ಹುಡುಗಿಗೆ ಇದೊಂದು ಮಾತು ಅಗದಿ ಬಿಡಿಸಿ ಹೇಳು: "ನಾನು ಬ್ಯಾಡ ಅಂದ್ರೂ ಕೊಡು. ಬ್ಯಾಡ ಅನ್ನೋದು ನಾನಲ್ಲ, ನನ್ನ ಲೋ." ಇದನ್ನ ಹೇಳದಿದ್ರ ಪಾಪ ಅವರು ಮರ್ಯಾದಿಗೆ ಅಂಜಿ ಸುಮ್ಮನಾಗ್ತಾರ.

ದಾವಣಗೆರೆ_ಹುಡುಗಿ

ಕಾಕಾ, ಈ ಮಾತು ನನಗೆ ಹೊಳೆದೇ ಇರಲಿಲ್ಲ. ಬರ್ಕೊಂಡೆ. ಕಾಕಿಗೂ ನನ್ನ ನಮಸ್ಕಾರ ಹೇಳಿ.

ಕುಡ್ಲ_ಸಿಸ್ಟರ್

ಕಾಕಾ ಹೇಳಿದ್ದು ಯಾಕೆ ಆಗ್ತದೆ ಅಂತ ಎಲ್ಲರಿಗೂ ಗೊತ್ತಿದ್ದರೆ ಒಳ್ಳೆಯದು. ಶುಗರ್ ಇಲ್ಲದವರಲ್ಲಿ ಸಕ್ಕರೆ ಇಳಿಯಲಿಕ್ಕೆ ಶುರುವಾದರೆ ದೇಹ ಮೊದಲು ಇನ್ಸುಲಿನ್ ನಿಲ್ಲಿಸ್ತದೆ. ನಮ್ಮವರಲ್ಲಿ ಅದು ಸಾಧ್ಯವೇ ಇಲ್ಲ, ಚುಚ್ಚಿದ ಇನ್ಸುಲಿನ್ ಚುಚ್ಚಿದ್ದೇ. ಎರಡನೆಯದಾಗಿ ಗ್ಲುಕಗಾನ್ ಎಂಬ ಹಾರ್ಮೋನು ಬಂದು ಯಕೃತ್ತಿನಿಂದ ಸಕ್ಕರೆ ಬಿಡಿಸಬೇಕು. ಟೈಪ್ 1 ಬಂದು ಕೆಲವು ವರ್ಷಗಳಲ್ಲಿ ಲೋಗೆ ಬರಬೇಕಾದ ಆ ಗ್ಲುಕಗಾನ್ ಕೂಡ ಸರಿಯಾಗಿ ಬರುವುದಿಲ್ಲ. ಉಳಿಯುವುದು ಅಡ್ರಿನಲಿನ್ ಒಂದೇ. ನಡುಕ, ಬೆವರು, ಎದೆಬಡಿತ ಹೆಚ್ಚಾಗಿ ಅದರಿಂದ ಬರುವಂಥವು. ಪದೇ ಪದೇ ಲೋ ಆಗ್ತಾ ಇದ್ದರೆ ಅದೂ ಮಂದವಾಗ್ತದೆ. ಸೂಚನೆಯೇ ಇಲ್ಲದೆ ನೇರ ಮೆದುಳಿಗೆ ಹೊಡೆತ. ಬಿಪಿಗೆ, ಎದೆಬಡಿತಕ್ಕೆ ಕೊಡುವ ಪ್ರೊಪ್ರನೊಲಾಲ್‌ನಂಥ ಮಾತ್ರೆಗಳೂ ಈ ಸೂಚನೆಗಳನ್ನು ಮುಚ್ಚಬಹುದು, ಬೆವರು ಮಾತ್ರ ಉಳೀತದೆ.

ಆದರೆ ಕಾಕಾ, ಇದು ವಾಪಸ್ ಬರ್ತದೆ. ಎರಡು ಮೂರು ವಾರ ಒಂದೂ ಲೋ ಆಗದ ಹಾಗೆ ಗಟ್ಟಿಯಾಗಿ ನೋಡಿಕೊಂಡರೆ ಬಹಳಷ್ಟು ಜನರಿಗೆ ಸೂಚನೆಗಳು ಮರಳಿ ಬರಲಿಕ್ಕೆ ಶುರುವಾಗ್ತವೆ. ಅಷ್ಟು ದಿನ ಗುರಿಯನ್ನು ಸ್ವಲ್ಪ ಮೇಲಿಟ್ಟುಕೊಳ್ಳಬೇಕು. ಡಾಕ್ಟರಿಗೆ "ನನಗೆ ಲೋ ಗೊತ್ತಾಗುವುದಿಲ್ಲ" ಅಂತ ಇದೇ ಶಬ್ದಗಳಲ್ಲಿ ಹೇಳಿ. ಮೂರು ತಿಂಗಳ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ರಕ್ತಪರೀಕ್ಷೆ ಚೆನ್ನಾಗಿದೆ ಅಂತ ಅವರು ಖುಷಿಯಾಗಿರಬಹುದು. ಅದು ಸರಾಸರಿ ಅಷ್ಟೆ, ಅದರೊಳಗೆ ಎಷ್ಟು ಲೋ ಉಂಟು ಅಂತ ತೋರಿಸುವುದಿಲ್ಲ.

ಪ್ರಕೃತಿ_ಜೀವನ

ಇಷ್ಟೆಲ್ಲ ತೊಂದರೆ ಇನ್ಸುಲಿನ್‌ನಿಂದಲೇ ಅಲ್ಲವೇ? ನಮ್ಮಲ್ಲಿ ಕೊಡುವ ಕಷಾಯ 48 ದಿನ ಕುಡಿದರೆ ಇನ್ಸುಲಿನ್ ಪೂರ್ತಿ ಬಿಡಬಹುದು, ಲೋ ಆಗುವ ಪ್ರಶ್ನೆಯೇ ಇಲ್ಲ. ಬೇಕಾದವರು…

ನಿರ್ವಾಹಕ

ಮೇಲಿನ ಬರಹದ ಉಳಿದ ಭಾಗ ಮತ್ತು ಫೋನ್ ನಂಬರ್ ತೆಗೆದಿದ್ದೇನೆ. ಟೈಪ್ 1ರಲ್ಲಿ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ದೇಹದ ರಕ್ಷಣಾ ವ್ಯವಸ್ಥೆಯೇ ನಾಶ ಮಾಡಿರುತ್ತದೆ. 1922ರ ಜನವರಿಯಲ್ಲಿ ಟೊರಾಂಟೊದಲ್ಲಿ ಒಬ್ಬ ಹುಡುಗನಿಗೆ ಮೊದಲ ಸಲ ಇನ್ಸುಲಿನ್ ಕೊಡುವವರೆಗೂ ಈ ಕಾಯಿಲೆ ಬಂದ ಮಕ್ಕಳು ಉಳಿಯುತ್ತಿರಲಿಲ್ಲ. ಇಲ್ಲಿ ಮಕ್ಕಳ ತಂದೆತಾಯಿ ಓದುತ್ತಾರೆ. ಇನ್ಸುಲಿನ್ ಬಿಡಿಸುವ ಯಾವ ಸಲಹೆಗೂ ಇಲ್ಲಿ ಜಾಗವಿಲ್ಲ.

ಮಂಡ್ಯದ_ಸೊಸೆ

ನನ್ನ ಅನುಭವ ಬೇರೆ ಥರ. ಮದುವೆಗೆ ಮುಂಚೆನೇ ಹೇಳಿದ್ವಿ, ಅವರೂ ಒಪ್ಪಿಯೇ ಮಾಡ್ಕೊಂಡಿದ್ದು. ಆದರೂ ಅತ್ತೆಗೆ ಸಕ್ಕರೆ ಡಬ್ಬಿ ಹತ್ರ ನನ್ನ ಕಂಡರೆ ಗಾಬರಿ. ಅವರ ತಮ್ಮನಿಗೆ ವಯಸ್ಸಾದ ಮೇಲೆ ಬಂದ ಶುಗರ್, ಮಾತ್ರೆ, ಪಥ್ಯ. ಅವರಿಗೆ ಗೊತ್ತಿರೋದು ಅದೊಂದೇ.

ನಮ್ಮ ಕಡೆ ಲೋಗೆ ದೊಡ್ಡ ಕಾರಣ ಮದುವೆ ಮನೆ ಊಟ. "ಎಲೆ ಹಾಕ್ತಾ ಇದ್ದಾರೆ, ಬನ್ನಿ" ಅಂತಾರೆ. ಇನ್ಸುಲಿನ್ ತಗೊಂಡು ಹೋಗಿ ನಿಂತರೆ ಪಂಕ್ತಿ ತುಂಬಿರುತ್ತೆ, ಕುರ್ಚಿ ಹಿಂದೆ ಇನ್ನೊಬ್ಬರು ನಿಂತಿರ್ತಾರೆ. ಮುಕ್ಕಾಲು ಗಂಟೆ ಹೋಗಿಬಿಡುತ್ತೆ. ಈಗ ಇನ್ಸುಲಿನ್ ಪೆನ್ ಕೈಯಲ್ಲೇ ಇಟ್ಕೊಂಡು ಕೂತು, ಎಲೆಗೆ ಅನ್ನ ಬಿದ್ದ ಮೇಲೇ ಸೀರೆ ಸೆರಗಿನ ಮರೆಯಲ್ಲಿ ತಗೋತೀನಿ. ಡಾಕ್ಟರೇ ಹೇಳಿದ್ದು: ನಾನು ಬಳಸೋ ಬೇಗ ಕೆಲಸ ಮಾಡೋ ಇನ್ಸುಲಿನ್‌ಗೆ ಅದು ನಡೆಯುತ್ತೆ. ಅರ್ಧ ಗಂಟೆ ಮುಂಚೆ ತಗೋಬೇಕಾದ ಹಳೇ ರೆಗ್ಯುಲರ್ ಇನ್ಸುಲಿನ್ ಇರೋರು ಅವರವರ ಡಾಕ್ಟರನ್ನ ಕೇಳ್ಕೊಳ್ಳಿ.

ಇನ್ನೊಂದು, ಮುದ್ದೆ. ಅನ್ನದಷ್ಟು ಬೇಗ ಏರಲ್ಲ ನನಗೆ. ಅದೇ ಡೋಸ್ ತಗೊಂಡು ಮುದ್ದೆ ಉಂಡರೆ ಮೊದಲು ಲೋ, ಆಮೇಲೆ ಹೈ. ಹೊಲಕ್ಕೆ ಹೋಗೋ ದಿನ, ಮುಟ್ಟಿನ ಮೊದಲ ದಿನಗಳು, ಇವೂ ನನಗೆ ಇಳಿಯೋ ದಿನಗಳೇ. ಒಂದು ನೋಟ್‌ಬುಕ್ಕಿನಲ್ಲಿ ಬರೀತಾ ಹೋದಾಗ ಕಾಣಿಸಿದ್ದು ಇದು.

ಅತ್ತೆಗೆ ಹೇಗೆ ಅರ್ಥ ಮಾಡಿಸಿದೆ ಅಂದರೆ, ಲೋ ಆದಾಗ ಅವರ ಕೈಯಲ್ಲೇ ಮೀಟರ್ ಕೊಟ್ಟೆ. ಮುಂಚೆ 58, ಸಕ್ಕರೆ ನೀರು ಕುಡಿದು ಕಾಲು ಗಂಟೆಗೆ 96. ಎರಡೂ ನಂಬರ್ ಅವರೇ ನೋಡಿದರು. ಆಮೇಲಿಂದ ಅಡುಗೆಮನೆ ಕಿಟಕಿಯಲ್ಲಿ ನನಗೇ ಅಂತ ಒಂದು ಪುಟ್ಟ ಸಕ್ಕರೆ ಡಬ್ಬಿ ಇಟ್ಟಿದ್ದಾರೆ. ಯಾರೂ ಅದನ್ನ ಮುಟ್ಟಂಗಿಲ್ಲ.

ಶಿವಮೊಗ್ಗದ_ಅಮ್ಮ

ಒಳ್ಳೆ ಅತ್ತೆ ಕಣಮ್ಮ.

ಕೊಪ್ಪಳ_ಅಣ್ಣ

ಸಿಸ್ಟರ್, ಅರ್ಜೆಂಟ್ ಇದೆ. ನನ್ನ ತಮ್ಮಗೆ ಟೈಪ್ 1. ಮೊನ್ನೆ ಡಾಕ್ಟರ್ ಇನ್ಸುಲಿನ್ ಬದಲು ಮಾಡಿದ್ರು, ದಿನಕ್ಕೊಂದೇ ಸಲ ತಗೊಳ್ಳೋದು, 16 ಯೂನಿಟ್. ಅವಾಗಿಂದ ಲೋ ಮೇಲೆ ಲೋ. ಸಕ್ಕರೆ ಕೊಟ್ರೆ ಏರುತ್ತೆ, ಎರಡು ತಾಸಿಗೆ ಮತ್ತೆ 50ಕ್ಕೆ ಬರುತ್ತೆ. ಊಟ ಸರಿಯಾಗೇ ಮಾಡ್ತಿದ್ದಾನೆ. ಯಾಕೆ?

ಕುಡ್ಲ_ಸಿಸ್ಟರ್

ಬಾಟಲಿಯಾ, ಪೆನ್ನಾ? ಬಾಟಲಿಯಾದರೆ ಲೇಬಲ್ ಮೇಲೆ 40 ಅಂತ ಉಂಟಾ, 100 ಅಂತ ಉಂಟಾ? ಸಿರಿಂಜಿನ ಮುಚ್ಚಳದ ಬಣ್ಣ ಯಾವುದು? ಈಗಲೇ ನೋಡಿ ಹೇಳಿ.

ಕೊಪ್ಪಳ_ಅಣ್ಣ

ಬಾಟಲಿ. 100 ಐಯು ಅಂತ ಇದೆ. ಸಿರಿಂಜು ಮನೆಯಲ್ಲಿದ್ದ ಹಳೇವು, ಮುಚ್ಚಳ ಕೆಂಪು.

ಕುಡ್ಲ_ಸಿಸ್ಟರ್

ಅದೇ ಕಾರಣ. ಕೆಂಪು ಮುಚ್ಚಳದ ಸಿರಿಂಜು 40ರ ಬಾಟಲಿಗೆ, ಅಂದರೆ ಒಂದು ಎಂಎಲ್‌ನಲ್ಲಿ 40 ಯೂನಿಟ್ ಇರುವಂಥದ್ದಕ್ಕೆ. 100ರ ಬಾಟಲಿಗೆ ಕಿತ್ತಳೆ ಮುಚ್ಚಳದ್ದು. ಕೆಂಪು ಸಿರಿಂಜಿನಲ್ಲಿ 16ರ ಗೆರೆಯವರೆಗೆ ಎಳೆದರೆ ಒಳಗೆ ಹೋಗುವುದು 40 ಯೂನಿಟ್. ಎರಡೂವರೆ ಪಟ್ಟು.

ಮನೆಯಲ್ಲಿ ಕಾಯಬೇಡಿ. ಈ ಇನ್ಸುಲಿನ್ ಇಡೀ ದಿನ ಕೆಲಸ ಮಾಡುವಂಥದ್ದು, ರಾತ್ರಿ ಮಲಗಿದಾಗ ಮತ್ತೆ ಇಳೀತದೆ. ಈಗ ಸಕ್ಕರೆ ನೀರು ಕೊಟ್ಟು, ಜೊತೆಗೆ ಊಟ ಮಾಡಿಸಿ, ಬಾಟಲಿ ಸಿರಿಂಜು ಎರಡನ್ನೂ ಕೈಯಲ್ಲಿ ಹಿಡಿದು ಆಸ್ಪತ್ರೆಗೆ ಕರಕೊಂಡು ಹೋಗಿ. ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ. ದಾರಿಯಲ್ಲೂ ಗ್ಲೂಕೋಸ್ ಕೈಯಲ್ಲಿರಲಿ. ಮುಂದಿನ ಡೋಸ್ ಡಾಕ್ಟರ್ ಹೇಳುವವರೆಗೆ ಬೇಡ.

ಕೊಪ್ಪಳ_ಅಣ್ಣ

ಹೊರಟ್ವಿ.

ತುಮಕೂರು_ಮೇಷ್ಟ್ರು

ಕೊಪ್ಪಳದ ಅಣ್ಣನಿಂದ ಸುದ್ದಿ ಬರಲಿ ಅಂತ ಕಾಯುತ್ತಲೇ ಇದನ್ನು ಬರೆಯುತ್ತಿದ್ದೇನೆ. ನಾನು ಸರ್ಕಾರಿ ಪ್ರೌಢಶಾಲೆಯ ಶಿಕ್ಷಕ. ನನ್ನ ತರಗತಿಯಲ್ಲಿ ಟೈಪ್ 1 ಇರುವ ಹುಡುಗಿ ಇದ್ದಾಳೆ. ಶಿವಮೊಗ್ಗದ ತಾಯಿಯವರೇ, ನಮ್ಮ ಕಡೆಯಿಂದ ಆಗಬೇಕಾದ್ದೇನು ಅಂತ ನಾನೂ ಕಲಿಯುತ್ತಿದ್ದೇನೆ.

ತರಗತಿಯಲ್ಲಿ ತಿನ್ನಲು ಅವಳು ಅನುಮತಿ ಕೇಳಬೇಕಾಗಿಲ್ಲ. ಲೋ ಅನ್ನಿಸಿದರೆ ಕೂತಲ್ಲೇ ತಿನ್ನಬೇಕು. ಒಬ್ಬಳನ್ನೇ ಸ್ಟಾಫ್ ರೂಮಿಗೆ, ಬಾತ್‌ರೂಮಿಗೆ ಕಳಿಸುವುದಿಲ್ಲ, ದಾರಿಯಲ್ಲಿ ಬಿದ್ದರೆ ಗೊತ್ತಾಗುವುದಿಲ್ಲ. ಆಟದ ಪಿರಿಯಡ್‌ಗೆ ಮುಂಚೆ ಏನಾದರೂ ತಿಂದಿದ್ದಾಳಾ ಅಂತ ಪಿಇ ಮೇಷ್ಟ್ರು ಕೇಳುತ್ತಾರೆ. ಮಧ್ಯಾಹ್ನದ ಬಿಸಿಯೂಟ ತಡವಾದ ದಿನ ಅಡುಗೆಯವರು ಅವಳಿಗೆ ಮೊದಲು ಬಡಿಸುತ್ತಾರೆ.

ಪರೀಕ್ಷೆಯ ಬಗ್ಗೆ: ಸಿಬಿಎಸ್‌ಇ 2017ರಲ್ಲೇ ಟೈಪ್ 1 ಮಕ್ಕಳು ಬೋರ್ಡ್ ಪರೀಕ್ಷೆಗೆ ಗ್ಲೂಕೋಸ್ ಮಾತ್ರೆ, ಹಣ್ಣು, ನೀರು ಒಯ್ಯಲು ಅವಕಾಶ ಕೊಟ್ಟಿತು. ಜೆಇಇ ಮೇನ್‌ನ ಸೂಚನೆಗಳಲ್ಲೂ ಮಧುಮೇಹ ಇರುವವರಿಗೆ ಸಕ್ಕರೆ ಮಾತ್ರೆ, ಹಣ್ಣು, ಪಾರದರ್ಶಕ ನೀರಿನ ಬಾಟಲಿಗೆ ಅವಕಾಶ ಇದೆ. ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ 2023ರಲ್ಲಿ ಎಲ್ಲ ರಾಜ್ಯಗಳಿಗೂ ಶಾಲೆಯಲ್ಲಿ ಈ ಮಕ್ಕಳಿಗೆ ಪರೀಕ್ಷೆ ಮಾಡಿಕೊಳ್ಳಲು, ಇನ್ಸುಲಿನ್ ತೆಗೆದುಕೊಳ್ಳಲು, ತಿನ್ನಲು ಬಿಡಬೇಕೆಂದು ಬರೆದಿದೆ. ಆದರೂ ಕೊಠಡಿಯಲ್ಲಿರುವ ಮೇಲ್ವಿಚಾರಕರಿಗೆ ಗೊತ್ತಿಲ್ಲದಿದ್ದರೆ ಹತ್ತು ನಿಮಿಷ ವಾದದಲ್ಲೇ ಹೋಗುತ್ತದೆ. ಡಾಕ್ಟರ ಪತ್ರವನ್ನು ಮುಖ್ಯ ಶಿಕ್ಷಕರ ಮೂಲಕ ಪರೀಕ್ಷಾ ಕೇಂದ್ರಕ್ಕೆ ಮೊದಲೇ ತಲುಪಿಸಿ, ಒಂದು ಪ್ರತಿ ಮಗುವಿನ ಕೈಯಲ್ಲೂ ಇರಲಿ. ಇದನ್ನು ದಯೆ ಅಂತ ಕೇಳಬೇಡಿ, ಮಗುವಿನ ಹಕ್ಕು ಅಂತ ಕೇಳಿ.

ಲೆಸ್ಟರ್_ಕನ್ನಡಿಗ

ಮೂಲ ಹಾಸನ, ಈಗ ಇಂಗ್ಲೆಂಡಿನಲ್ಲಿ. ಇಲ್ಲಿ ಶುಗರ್ ಅಳೆಯೋ ಮಾನವೇ ಬೇರೆ, 18ರಿಂದ ಗುಣಿಸಿದರೆ ನಮ್ಮ ಲೆಕ್ಕ ಬರುತ್ತೆ. 4ರ ಕೆಳಗೆ ಹೋಗಬಾರದು ಅಂತ ಕಲಿಸ್ತಾರೆ, ಅಂದರೆ 72.

ಗಾಡಿ ಓಡಿಸೋರಿಗೆ ಇಲ್ಲಿನ ನಿಯಮ ಹೇಳ್ತೀನಿ, ಊರಿನಲ್ಲಿ ಬೈಕ್ ಓಡಿಸೋರಿಗೂ ಉಪಯೋಗ ಆಗಬಹುದು. ಇನ್ಸುಲಿನ್ ತಗೊಳ್ಳೋರು ಲೈಸೆನ್ಸ್ ಇಲಾಖೆಗೆ ತಿಳಿಸಲೇಬೇಕು. ಹೊರಡೋಕೆ ಮುಂಚಿನ ಎರಡು ಗಂಟೆಯೊಳಗೆ ಪರೀಕ್ಷೆ, ದೂರದ ಪ್ರಯಾಣದಲ್ಲಿ ಪ್ರತಿ ಎರಡು ಗಂಟೆಗೊಮ್ಮೆ. 5 ಅಥವಾ ಕೆಳಗಿದ್ದರೆ, ಅಂದರೆ 90, ತಿಂದು ಹೊರಡಬೇಕು. ಲೋ ಆದರೆ ಗಾಡಿ ಪಕ್ಕಕ್ಕೆ ನಿಲ್ಲಿಸಿ, ಡ್ರೈವರ್ ಸೀಟ್ ಬಿಟ್ಟು ಕೂತು ಸಕ್ಕರೆ ತಿಂದು, ಸರಿಯಾದ ಮೇಲೂ 45 ನಿಮಿಷ ಕಾಯಬೇಕು. ನಂಬರ್ ಏರಿದರೂ ಮೆದುಳು ಪೂರ್ತಿ ತಿಳಿಯಾಗೋಕೆ ಅಷ್ಟು ಹೊತ್ತು ಬೇಕು.

ತೋಳಿಗೆ ಅಂಟಿಸೋ ಸೆನ್ಸರ್ ಇಲ್ಲಿ ಸರ್ಕಾರದಿಂದ ಸಿಗುತ್ತೆ. ಊರಿನಲ್ಲಿ ಹದಿನಾಲ್ಕು ದಿನದ ಒಂದು ಸೆನ್ಸರಿಗೆ ಸಾವಿರಾರು ರೂಪಾಯಿ, ಎಲ್ಲರ ಕೈಗೆ ಎಟುಕಲ್ಲ ಅಂತ ಗೊತ್ತು. ಇರೋರಿಗೆ ಎರಡು ಮಾತು. ಅದು ಅಳೆಯೋದು ಚರ್ಮದ ಕೆಳಗಿನ ದ್ರವವನ್ನ, ರಕ್ತಕ್ಕಿಂತ ಐದು ಹತ್ತು ನಿಮಿಷ ಹಿಂದೆ ಇರುತ್ತೆ. ಸಕ್ಕರೆ ತಿಂದು ಏರ್ತಾ ಇದ್ದರೂ ಅದು ಇನ್ನೂ 60 ಅಂತಲೇ ತೋರಿಸಿ ಇನ್ನಷ್ಟು ತಿನ್ನಿಸಿಬಿಡುತ್ತೆ. ಬೆರಳು ಚುಚ್ಚಿ ನೋಡಿ, ಕೈ ತೊಳೆದು ಚುಚ್ಚಿ. ಸಕ್ಕರೆ ಅಂಟಿದ ಬೆರಳು ಸುಳ್ಳು ಹೇಳುತ್ತೆ. ಇನ್ನೊಂದು, ಆ ತೋಳಿನ ಮೇಲೆ ಮಲಗಿದರೆ ಒತ್ತಡಕ್ಕೆ ಸುಳ್ಳು ಲೋ ತೋರಿಸಿ ಅಲಾರಂ ಹೊಡೆಯುತ್ತೆ.

ನನ್ನ ಹೆಂಡತಿಗೆ ಆ ಅಲಾರಂ ನನಗಿಂತ ಮೊದಲು ಕೇಳಿಸುತ್ತೆ. ಅವಳ ನಿದ್ದೆಯೂ ಈ ಕಾಯಿಲೆಗೆ ಸೇರಿದೆ ಅನ್ನೋದನ್ನ ಯಾವ ಡಾಕ್ಟರೂ ಲೆಕ್ಕಕ್ಕೆ ತಗೊಳ್ಳಲ್ಲ.

ದಾವಣಗೆರೆ_ಹುಡುಗಿ

ಒಂದು ವಿಷಯ ಕೇಳಲೇಬೇಕು. ಪಿಜಿಯಲ್ಲಿ ಒಬ್ಬಳೇ ಇದ್ದ ದಿನಗಳಲ್ಲಿ ಹೆದರಿ ರಾತ್ರಿ 200ರ ಮೇಲೆ ಇಟ್ಕೊಂಡೇ ಮಲಗ್ತೀನಿ. ಹೀಗೆ ಮಾಡೋರು ಬೇರೆ ಯಾರಾದರೂ ಇದ್ದೀರಾ?

ಹುಬ್ಬಳ್ಳಿ_ಕಾಕಾ

ಇದೀವ್ರೀ.

ಮಂಡ್ಯದ_ಸೊಸೆ

ನಾನೂ. ಹಾಸ್ಟೆಲ್ ದಿನಗಳು ಪೂರ್ತಿ ಹಾಗೇ ಕಳೆದೆ.

ಕುಡ್ಲ_ಸಿಸ್ಟರ್

ಎಷ್ಟೋ ಜನ ಮಾಡ್ತಾರೆ, ಹೇಳಿಕೊಳ್ಳುವವರು ಕಮ್ಮಿ. ಅಮೆರಿಕ, ಕೆನಡಾದಲ್ಲಿ 1983ರಿಂದ 1993ರವರೆಗೆ ಟೈಪ್ 1 ಬಗ್ಗೆ ಒಂದು ದೊಡ್ಡ ಅಧ್ಯಯನ ನಡೆದಿತ್ತು. ಸಕ್ಕರೆಯನ್ನು ಬಿಗಿಯಾಗಿ ಇಟ್ಟುಕೊಂಡವರಿಗೆ ಕಣ್ಣು, ಕಿಡ್ನಿ ತೊಂದರೆ ಬಹಳ ಕಮ್ಮಿಯಾಯ್ತು, ಆದರೆ ತೀವ್ರ ಲೋ ಸುಮಾರು ಮೂರು ಪಟ್ಟಾಯ್ತು. ಅಂದರೆ ನಿಮ್ಮ ಭಯಕ್ಕೆ ಕಾರಣ ಉಂಟು. ಅದನ್ನು ಡಾಕ್ಟರ ಮುಂದೆ ಇಡಿ. ಅಂದಿಗಿಂತ ಇವತ್ತು ದಾರಿ ಹೆಚ್ಚು. ರಾತ್ರಿ ಏಳೆಂಟಕ್ಕೆ ಎನ್‌ಪಿಎಚ್ ಎಂಬ ಹಳೇ ಇನ್ಸುಲಿನ್ ತಗೊಳ್ಳುವವರಿಗೆ ಅದರ ಜೋರು ನಡುರಾತ್ರಿ, ಎರಡು ಮೂರು ಗಂಟೆಗೆ ಬರ್ತದೆ. ಸಮಯ ಬದಲಿಸಿದರೂ, ಏರಿಳಿತ ಕಮ್ಮಿ ಇರುವ ಗ್ಲಾರ್ಜಿನ್, ಡೆಗ್ಲುಡೆಕ್ ಇನ್ಸುಲಿನ್‌ಗೆ ಬದಲಿಸಿದರೂ ರಾತ್ರಿಯ ಲೋ ಕಮ್ಮಿಯಾಗ್ತದೆ. ಚುಚ್ಚುವ ಜಾಗದಲ್ಲಿ ಗಂಟು ಇದ್ದರೆ ಅದನ್ನೂ ತೋರಿಸಿ. ಗಂಟಿನಿಂದ ಇನ್ಸುಲಿನ್ ಒಂದು ದಿನ ಬರುವುದಿಲ್ಲ, ಇನ್ನೊಂದು ದಿನ ಒಟ್ಟಿಗೆ ಬರ್ತದೆ. ಒಳ್ಳೆಯ ಜಾಗಕ್ಕೆ ಬದಲಿಸಿದಾಗ ಅದೇ ಡೋಸ್ ಹೆಚ್ಚಾಗಿಬಿಡ್ತದೆ, ಹಾಗಾಗಿ ಕೇಳಿ ಬದಲಿಸಿ. ಮದ್ಯ ತಗೊಳ್ಳುವವರು ನೆನಪಿಡಿ, ಆ ರಾತ್ರಿ ಯಕೃತ್ತು ಸಕ್ಕರೆ ತಯಾರಿಸುವುದನ್ನು ಬಿಟ್ಟಿರ್ತದೆ. ಮರುದಿನ ಬೆಳಿಗ್ಗೆಯವರೆಗೂ ಅಪಾಯ.

ಕೊಪ್ಪಳ_ಅಣ್ಣ

ಸಿಸ್ಟರ್, ಎಲ್ಲರಿಗೂ. ರಾತ್ರಿಯಿಡೀ ಗ್ಲೂಕೋಸ್ ಡ್ರಿಪ್ ಹಾಕಿದ್ರು. ಬೆಳಗ್ಗೆ 140. ಇಡ್ಲಿ ತಿಂದು ಕೂತಿದ್ದಾನೆ. ಇಲ್ಲಿನ ಡಾಕ್ಟರೂ ಸಿರಿಂಜು ನೋಡಿ ಅದನ್ನೇ ಹೇಳಿದ್ರು. ಕೆಂಪು ಮುಚ್ಚಳದವನ್ನೆಲ್ಲ ಮನೆಯಿಂದ ತೆಗೆಸಿದ್ದೀವಿ. ನಿಮ್ಮ ಋಣ ತೀರಿಸೋಕಾಗಲ್ಲ.

ತುಮಕೂರು_ಮೇಷ್ಟ್ರು

ಬದುಕಿದೆವು. ನಿನ್ನೆಯಿಂದ ಫೋನ್ ಕೆಳಗಿಟ್ಟಿರಲಿಲ್ಲ.

ದಾವಣಗೆರೆ_ಹುಡುಗಿ

ಅಬ್ಬಾ. ಕೊಪ್ಪಳದ ಅಣ್ಣ, ತಮ್ಮ ಚೆನ್ನಾಗಿರಲಿ.

ಎಲ್ಲರ ಮಾತು ಸೇರಿಸಿ ರೂಮ್‌ಮೇಟಿಗೆ, ಆಫೀಸಿನಲ್ಲಿ ಪಕ್ಕದಲ್ಲಿ ಕೂರೋ ಇಬ್ಬರಿಗೆ ಕಳಿಸೋಕೆ ಒಂದು ಮೆಸೇಜ್ ಬರೆದಿದ್ದೀನಿ. ತಿದ್ದಿ ಕೊಡಿ:

"ನನಗೆ ಟೈಪ್ 1 ಡಯಾಬಿಟಿಸ್ ಇದೆ. ಇನ್ಸುಲಿನ್ ತಗೊಳ್ಳೋದರಿಂದ ಕೆಲವು ಸಲ ನನ್ನ ಶುಗರ್ ತುಂಬಾ ಇಳಿಯುತ್ತೆ. ಆಗ ನನಗೆ ಸಕ್ಕರೆಯೇ ಔಷಧಿ. ನಾನು ಬೆವರ್ತಾ, ನಡುಗ್ತಾ ಇದ್ದರೆ, ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡದಿದ್ದರೆ, ಕಾರಣ ಇಲ್ಲದೆ ಸಿಟ್ಟಾದರೆ ನನ್ನ ಬ್ಯಾಗಿನ ಹೊರಗಿನ ಜಿಪ್ಪಿನಲ್ಲಿರೋ ಹಳದಿ ಪೊಟ್ಟಣ ಒಂದನ್ನ ನೀರಿಗೆ ಹಾಕಿ ಕುಡಿಸು. ನಾನು ಬೇಡ ಅಂದರೂ ಕುಡಿಸು. 15 ನಿಮಿಷ ಆದಮೇಲೆ ಸರಿಹೋಗದಿದ್ದರೆ ಇನ್ನೊಂದು. ಚಾಕೊಲೇಟ್ ಬೇಡ. ಇನ್ಸುಲಿನ್ ಅಂತೂ ಕೊಡಲೇಬೇಡ. ನನ್ನನ್ನ ಒಬ್ಬಳನ್ನೇ ಬಿಟ್ಟು ಹೋಗಬೇಡ."

ಕುಡ್ಲ_ಸಿಸ್ಟರ್

ತುಂಬಾ ಚಂದ ಬರೆದಿದ್ದೀರಿ. ಮುಖ್ಯವಾದದ್ದೊಂದು ಬಿಟ್ಟುಹೋಗಿದೆ, ಇದನ್ನು ಸೇರಿಸಿ: "ನನಗೆ ಎಚ್ಚರ ಇಲ್ಲದಿದ್ದರೆ, ಫಿಟ್ಸ್ ಬಂದರೆ, ನುಂಗಲಿಕ್ಕೆ ಆಗದಿದ್ದರೆ ಬಾಯಿಗೆ ನೀರು, ಜ್ಯೂಸ್ ಏನೂ ಹಾಕಬೇಡ, ಶ್ವಾಸಕೋಶಕ್ಕೆ ಹೋಗುತ್ತದೆ. ಒಂದು ಮಗ್ಗುಲಿಗೆ ಮಲಗಿಸಿ 108ಕ್ಕೆ ಫೋನ್ ಮಾಡು, 'ಇನ್ಸುಲಿನ್ ತೆಗೆದುಕೊಳ್ಳುವವಳು, ಶುಗರ್ ಲೋ' ಅಂತ ಹೇಳು."

ಗ್ಲುಕಗಾನ್ ಇಂಜೆಕ್ಷನ್ ಇದ್ದರೆ ಎಲ್ಲಿದೆ, ಹೇಗೆ ಕೊಡಬೇಕು ಅಂತ ಒಮ್ಮೆ ತೋರಿಸಿಡಿ. ನಮ್ಮಲ್ಲಿ ಎಲ್ಲ ಮೆಡಿಕಲ್ ಶಾಪಿನಲ್ಲೂ ಅದು ಸಿಗುವುದಿಲ್ಲ, ಡಾಕ್ಟರಿಗೆ ಹೇಳಿ ತರಿಸಿಕೊಳ್ಳಬೇಕು. ಕೊಟ್ಟ ಮೇಲೆ ವಾಂತಿ ಆಗಬಹುದು, ಅದಕ್ಕೂ ಮಗ್ಗುಲಿಗೆ ಮಲಗಿಸುವುದು ಮುಖ್ಯ.

ಹುಬ್ಬಳ್ಳಿ_ಕಾಕಾ

ತಂಗಿ, ಬಾತ್‌ರೂಮಿಗೆ ಹೋಗುವಾಗ ಒಳಗಿನ ಚಿಲಕ ಹಾಕಬ್ಯಾಡ ಅಂತ ನಮ್ಮ ಮನಿಯಾಕಿ ಹೇಳಾಕ ಹೇಳ್ಯಾಳ. ರೂಮಿನ ಇನ್ನೊಂದು ಕೀಲಿ ಆ ಹುಡುಗಿ ಹತ್ರ ಇರಲಿ.

ಶಿವಮೊಗ್ಗದ_ಅಮ್ಮ

ಪುಟ್ಟಿ, ಈ ಮೆಸೇಜನ್ನ ನನ್ನ ಮಗನ ಸ್ಕೂಲ್ ವ್ಯಾನ್ ಡ್ರೈವರಿಗೆ ಕೊಡಬಹುದಾ? ಅಳತೆ ಅದೇನಾ?

ದಾವಣಗೆರೆ_ಹುಡುಗಿ

ಖಂಡಿತ ತಗೊಳ್ಳಿ ಅಮ್ಮ. ಅಳತೆ ಸಿಸ್ಟರ್ ಹೇಳಲಿ.

ಕುಡ್ಲ_ಸಿಸ್ಟರ್

ಮಕ್ಕಳಿಗೆ ತೂಕದ ಮೇಲೆ, ಕಿಲೋಗೆ ಸುಮಾರು 0.3 ಗ್ರಾಂ ಗ್ಲೂಕೋಸ್. 25 ಕಿಲೋ ಮಗುವಿಗೆ ಏಳೆಂಟು ಗ್ರಾಂ, ಅಂದರೆ ತುಂಬಿದ ಒಂದೂವರೆ ಟೀ ಚಮಚ. ನಿಮ್ಮ ಡಾಕ್ಟರ ಹತ್ತಿರ ಒಮ್ಮೆ ಖಚಿತ ಮಾಡಿಕೊಂಡು, ಅಷ್ಟಷ್ಟೇ ಅಳೆದ ಪೊಟ್ಟಣಗಳನ್ನು ವ್ಯಾನಿನಲ್ಲೂ ಬ್ಯಾಗಿನಲ್ಲೂ ಇಡಿ. ಡ್ರೈವರ್ ಬದಲಾದ ದಿನ ಹೊಸಬರಿಗೂ ಹೇಳಲಿಕ್ಕೆ ಮರೀಬೇಡಿ.

ಶಿವಮೊಗ್ಗದ_ಅಮ್ಮ

ಸರಿ ಸಿಸ್ಟರ್. ಹುಡುಗ 22 ಕಿಲೋ ಇದ್ದಾನೆ. ನಾಳೆ ಡಾಕ್ಟರ್ ಹತ್ರ ಹೇಗೂ ಹೋಗ್ತಿದ್ದೀವಿ, ಅಳತೆ ಬರೆಸ್ಕೊಂಡು ಬರ್ತೀನಿ.